ಒಂದು ಹೊತ್ತಿನ ತಂಗಿ

ನನ್ನವ್ವನನ್ನು ಸೀದಿ ಲಾರ್ಬಾಸ್ ತನ್ನ ತಂಗಿ ಮಾಡಿಕೊಂಡದ್ದು ವಿಶ್ವಸಂಸ್ಥೆಯವರು ಗುಡಾರಕ್ಕೆ ಬರುವ ಹಿಂದಿನ ದಿನ. ಸೀದಿ ಅಂದರೆ ಒಡೆಯ. ಅಲ್ಲಿಯತನಕ ಅವಳು ಅವನ ತೊತ್ತು. ಅವಳ ಅವ್ವ ಅವನ ಅಪ್ಪನ ತೊತ್ತಾಗಿದ್ದಳು. ಅದರ ಹಿಂದಿನವರ ಹೆಸರು ನಮಗೆ ಗೊತ್ತಿಲ್ಲ. ಸೀದಿಗೆ ತನ್ನ ಮುತ್ತಜ್ಜನ ಮುತ್ತಜ್ಜನ ಹೆಸರು ಗೊತ್ತಿತ್ತು. ತನ್ನ ಒಂಟೆಗಳ ತಾಯಿ, ಅಜ್ಜಿಯರ ಹೆಸರೂ ಗೊತ್ತಿತ್ತು.

ಅವ್ವನ ಹೆಸರು ಎಂಬೈರಿಕಾ. ನಾನು ಸ್ವೆಲ್ಮಾ. ಲಾಯೂನ್ ಪೇಟೆಯ ಹೊರಗೆ, ಒಣಗಿದ ಹೊಳೆಯ ದಂಡೆಯ ಮೇಲೆ ಸೀದಿಯ ಗುಡಾರಗಳಿದ್ದವು. ಅವನು ಕುಲದ ಹಿರಿಯ. ನಮ್ಮ ನಾಡನ್ನು ಆಳುತ್ತಿದ್ದ ಸ್ಪೇನಿನವರು ಮಾಡಿದ್ದ ಹಿರಿಯರ ಸಭೆಯಲ್ಲಿ ಅವನಿಗೊಂದು ಕುರ್ಚಿಯಿತ್ತು. ವರ್ಷಕ್ಕೊಮ್ಮೆ ಅವನನ್ನು ವಿಮಾನದಲ್ಲಿ ಮ್ಯಾಡ್ರಿಡ್‌ಗೆ ಕರೆದೊಯ್ದು ಊಟ ಹಾಕಿ ಕಳಿಸುತ್ತಿದ್ದರು. ಬಂದವನು ಅಲ್ಲಿಯ ಹಾಸಿಗೆ ಎಷ್ಟು ಮೆತ್ತಗಿತ್ತು ಅಂತ ಗುಡಾರ ಗುಡಾರಕ್ಕೂ ಹೋಗಿ ಹೇಳುತ್ತಿದ್ದ.

ಅವ್ವ ಬೆಳಗಿನ ಪ್ರಾರ್ಥನೆಗೆ ಮುಂಚೆ ಏಳುತ್ತಿದ್ದಳು. ನೀರು ತರಬೇಕು. ಬಾರ್ಲಿ ಹುರಿದು ಬೀಸಬೇಕು. ಆಡು ಕರೆಯಬೇಕು. ಬಿರುಗಾಳಿ ಎದ್ದರೆ ಗುಡಾರದ ಗೂಟ ಅಪ್ಪಿಕೊಂಡು ಕೂರಬೇಕು. ಆಮೇಲೆ ಸಿಪಾಯಿಗಳ ಬ್ಯಾರಕ್ಕಿಗೆ ಹೋಗಿ ಬಟ್ಟೆ ಒಗೆಯಬೇಕು. ಕೂಲಿ ಸೀದಿಯ ಕೈಗೆ ಹೋಗುತ್ತಿತ್ತು. ಬಟ್ಟೆ ಸೋಡಾದ ನೀರು ಅವಳ ಅಂಗೈ ತಿಂದುಹಾಕಿತ್ತು. ಬೆರಳ ಸಂದಿಯಲ್ಲಿ ಕೆಂಪು ಬಿರುಕು. ಮಾಯುವುದಕ್ಕೆ ಮುಂಚೆ ಮತ್ತೆ ಒಗೆತ.

ಸೀದಿಯ ಮಗಳು ಗಾಲಿಯಾಳ ಮದುವೆಯಲ್ಲಿ ನನ್ನನ್ನು ಬಳುವಳಿಯಾಗಿ ಕೊಟ್ಟರು. ಒಂದು ಗುಡಾರ, ಕಂಬಳಿಗಳು, ಎರಡು ಹಾಲೊಂಟೆ, ನಾನು. ಅವ್ವ ಆಗ ಮದುವೆಯ ಪಾತ್ರೆಗಳನ್ನು ಮರಳು ಹಾಕಿ ತಿಕ್ಕುತ್ತಿದ್ದಳು. ದಿಬ್ಬಣ ಹೊರಟಾಗ ತಲೆಯೆತ್ತಿ ನೋಡಿದಳು. ಹೇರಿನ ಒಂಟೆಯ ಮೇಲೆ, ಗಂಟುಗಳ ನಡುವೆ ನಾನು ಕೂತಿದ್ದೆ. ಆಗಲೇ ಅವಳಿಗೆ ಗೊತ್ತಾದದ್ದು.

ಗಾಲಿಯಾಳ ಗಂಡನ ಗುಡಾರ ಹೊಳೆಯ ಆಚೆ ತುದಿಯಲ್ಲಿತ್ತು. ಹಬ್ಬಕ್ಕೆ ಒಂದು ಸಲ ಅವ್ವನ ಮುಖ ಕಾಣುತ್ತಿತ್ತು. ಹೀಗೆ ಏಳೆಂಟು ವರ್ಷ. ನಾನು ಬೆಳೆದು ದೊಡ್ಡವಳಾದೆ.

ಆ ವರ್ಷ ನಾಡು ಯಾರದು ಅನ್ನುವ ಮಾತು ಎಲ್ಲರ ಬಾಯಲ್ಲಿತ್ತು. ಸ್ಪೇನಿನವರು ಹೊರಡುತ್ತಾರಂತೆ. ಉತ್ತರದ ರಾಜ ಇದು ತನ್ನದು ಅನ್ನುತ್ತಿದ್ದ. ದಕ್ಷಿಣದ ಸರ್ಕಾರವೂ ತನ್ನದು ಅನ್ನುತ್ತಿತ್ತು. ನಮ್ಮ ಹುಡುಗರು ಬಂದೂಕು ಹಿಡಿದು, ಇದು ಇಲ್ಲಿಯ ಜನರದು ಅನ್ನುತ್ತಿದ್ದರು. ಎಲ್ಲೋ ದೂರದ ಊರುಗಳಲ್ಲಿ ದೊಡ್ಡ ಮೇಜು ಹಾಕಿಕೊಂಡು ಮಾತುಕತೆ ನಡೆಯುತ್ತಿತ್ತು. ಕೊನೆಗೆ ವಿಶ್ವಸಂಸ್ಥೆ, ಜನರನ್ನೇ ಕೇಳೋಣ ಅಂತ ತನ್ನವರನ್ನು ಕಳಿಸಿತು. ದೊಡ್ಡವರು ಗವರ್ನರ ಬಂಗಲೆಯಲ್ಲಿ ಇಳಿದರು. ಸೀದಿಯ ಗುಡಾರಕ್ಕೆ ಅವರ ಕೈಕೆಳಗಿನ ಇಬ್ಬರು ಬರುವುದೆಂದಾಯಿತು. ಒಬ್ಬಳು ಬಿಳಿಯ ಹೆಂಗಸು. ಇನ್ನೊಬ್ಬ ಕರಿಯ, ಆಫ್ರಿಕಾದವನೇ, ದೊಡ್ಡ ಓದು ಓದಿದವನು.

ಆ ಸುದ್ದಿ ತಂದ ಸ್ಪೇನಿನ ಕ್ಯಾಪ್ಟನ್ ಸೀದಿಯ ಕಿವಿಯಲ್ಲಿ ಇನ್ನೊಂದು ಮಾತನ್ನೂ ಹೇಳಿದ. ಈ ನಾಡಿನಲ್ಲಿ ತೊತ್ತುಗಳಿಲ್ಲ ಅಂತ ಸ್ಪೇನು ಎಲ್ಲರಿಗೂ ಬರೆದುಕೊಟ್ಟಿದೆ. ಆ ಕರಿಯ ಅಧಿಕಾರಿಯ ಕಣ್ಣಿಗೆ ಕರಿಯ ತೊತ್ತುಗಳು ನೀರು ಹೊರುವುದು, ಬಿಳಿಮೈಯ ಒಡೆಯರು ಕೂತು ಕುಡಿಯುವುದು ಬೀಳಕೂಡದು.

ಸೀದಿ ಗಂಡಾಳುಗಳನ್ನೆಲ್ಲ ಒಂಟೆ ಹೊಡೆಸಿ ದೂರದ ಬಾವಿಗೆ ಅಟ್ಟಿದ. ಆದರೆ ಒಬ್ಬ ಕರಿಯನೂ ಇಲ್ಲದ ಗುಡಾರ ಇನ್ನೂ ಅನುಮಾನ ಹುಟ್ಟಿಸುತ್ತದೆ ಅಂದ ಕ್ಯಾಪ್ಟನ್. ಒಬ್ಬರಾದರೂ ಗಾದಿಯ ಮೇಲೆ ಕೂತಿರಲಿ. ಸೀದಿ ಕಣ್ಣಾಡಿಸಿದ. ಅವ್ವ ಬೂದಿ ತೋಡುತ್ತಿದ್ದಳು. ಬಾಯಿ ಸತ್ತವಳು ಅಂತ ಹೆಸರಾದವಳು.

"ನಾಳೆ ನೀನು ನನ್ನ ತಂಗಿ," ಅಂದ.

ಅವ್ವನಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ತನ್ನ ಅಪ್ಪನ ಇನ್ನೊಬ್ಬ ಹೆಂಡತಿಯ ಮಗಳು ಅಂತ ಹೇಳುವುದು. ಗಾದಿಯ ಮೇಲೆ ಕೂರುವುದು. ಕೇಳಿದ್ದಕ್ಕೆ ಹೇಳಿಕೊಟ್ಟಷ್ಟೇ ಹೇಳುವುದು.

ಅವ್ವ ಬೂದಿಯ ಮೊರ ಕೆಳಗಿಟ್ಟಳು. ಗಾಲಿಯಾಳ ಗಂಡ ಒಳಗೊಳಗೇ ಉತ್ತರದ ರಾಜನ ಕಡೆ ಸೇರಿದ್ದ. ಇನ್ನೇನು ಗಡಿ ದಾಟಿ ಹೋಗಿಬಿಡುವವನಿದ್ದ, ನನ್ನನ್ನೂ ಕಟ್ಟಿಕೊಂಡು. ಅದು ಅವ್ವನ ಕಿವಿಗೆ ಬಿದ್ದಿತ್ತು.

"ಸ್ವೆಲ್ಮಾನ ನಂಗೆ ವಾಪಸ್ ಕೊಡ್ಸಿ ಸೀದಿ. ಹೇಳ್ದಂಗೆ ಕೂತ್ಕಂತೀನಿ."

ಅವಳು ಹುಟ್ಟಿದಾಗಿನಿಂದ ಅವನಲ್ಲಿ ಕೇಳಿದ್ದು ಅದೊಂದೇ. ಸೀದಿ ಗಡ್ಡ ನೀವಿಕೊಂಡ. ಆಯ್ತು, ಅವರು ಹೋದ ಮಾರನೇ ದಿನ ಕಳಿಸಿಕೊಡಲು ಹೇಳುತ್ತೇನೆ ಅಂದ. ಅವ್ವ ನಂಬಿದಳೋ ಇಲ್ಲವೋ ಅವಳಿಗೇ ತಿಳಿಯದು. ಬೇರೆ ದಾರಿ ಇರಲಿಲ್ಲ.

ಸೀದಿಯ ಹೆಂಡತಿ ಲಾಲ್ಲಾ ತೆಸ್ಲೆಮ್ ತನ್ನ ನೀಲಿ ಸೀರೆಯಂಥ ಮಲಹ್ಫವನ್ನು ಬಿಚ್ಚಿಕೊಡಬೇಕಾಯಿತು. ಅವಳು ಅದನ್ನು ಕೊಡಲಿಲ್ಲ, ಎಸೆದಳು. ಅವ್ವನ ಮೈಯನ್ನು ಎರಡು ಸಲ ತೊಳೆಸಿದಳು. ಕಂಕುಳು ಮೂಸಿ ನೋಡಿದಳು. ಧೂಪದ ಹೊಗೆಯ ಮೇಲೆ ನಿಲ್ಲಿಸಿದಳು. ಅಂಗೈ ಮುಚ್ಚಲಿ ಅಂತ ಮದರಂಗಿ ಹಚ್ಚಿಸಿದರೆ ಅದು ಬಿರುಕಿನೊಳಗೆ ಇಳಿದು ಬೆಂಕಿಯಂತೆ ಉರಿಯಿತು.

"ಕೈ ಹೊರಗೆ ಹಾಕಬೇಡ. ಕಾಲೂ ಅಷ್ಟೆ. ಮುಚ್ಚಿಕೊಂಡು ಕೂತ್ಕೋ, ಕತ್ತೆ," ಅಂದಳು ಲಾಲ್ಲಾ.

ಮಾತು ಕಲಿಸಿದವನು ಹಮ್ಮಾದಿ, ಸೀದಿಯ ಮಗ. ಸ್ಪೇನಿನವರ ದ್ವೀಪವೊಂದರ ಕಾಲೇಜಿನಲ್ಲಿ ಓದಿ ಬಂದವನು. ನಾಳೆ ಭಾಷೆ ಬದಲಿಸಿ ಹೇಳುವ ಕೆಲಸವೂ ಅವನದೇ. ಕೂಸಾಗಿದ್ದಾಗ ಅವನು ಅವ್ವನ ಮೊಲೆ ಕುಡಿದು ಬೆಳೆದವನು. ಲಾಲ್ಲಾಗೆ ಹಾಲು ಬತ್ತಿತ್ತು. ಧರ್ಮದ ಲೆಕ್ಕದಲ್ಲಿ ಅವನು ಅವ್ವನ ಹಾಲುಮಗ, ನನಗೆ ಅಣ್ಣ. ಅವನು ಅಪ್ಪನಿಗೆ ಗೊತ್ತಾಗದಂತೆ ಬಂದೂಕಿನ ಹುಡುಗರ ಜೊತೆ ಸೇರಿದ್ದ. ರೇಡಿಯೋ ಕೇಳುತ್ತಿದ್ದ. ಸ್ವಾತಂತ್ರ್ಯ ಬಂದರೆ ಒಡೆಯ, ತೊತ್ತು ಅನ್ನುವುದೇ ಇರುವುದಿಲ್ಲ ಅಂತ ಗುಡಾರದ ಹಿಂದೆ ನಿಂತು ಅವ್ವನಿಗೆ ಹೇಳುತ್ತಿದ್ದ. ಆಗಲೂ ಅವನ ಅಂಗಿ ಒಗೆಯುತ್ತಿದ್ದವಳು ಅವ್ವನೇ.

"ನಾವೆಲ್ಲ ಒಂದೇ ಕುಟುಂಬ. ನಮಗೆ ನಮ್ಮ ನಾಡು ಬೇಕು. ಇಷ್ಟೇ ಹೇಳು ಸಾಕು," ಅಂದ.

"ನಿಜ ಹೇಳಿದ್ರೆ ಏನಾಯ್ತದೆ ಮಗಾ?"

ಹಮ್ಮಾದಿ ಆಚೆ ಈಚೆ ನೋಡಿದ. "ಈಗ ಹೇಳಿದ್ರೆ ಆ ರಾಜನಿಗೇ ಲಾಭ. ನೋಡಿ, ಇವರು ತಮ್ಮ ಜನಾನೇ ಕಟ್ಟಿಹಾಕಿದ್ದಾರೆ, ಇವರಿಗ್ಯಾಕೆ ನಾಡು ಅಂತಾನೆ. ಸ್ವಲ್ಪ ತಡ್ಕೋ. ಮೊದಲು ನಾಡು ಸಿಗಲಿ."

ಅವ್ವನಿಗೆ ಅದೂ ಸರಿಯೆನ್ನಿಸಿತಂತೆ. ತಡೆದುಕೊಳ್ಳುವುದು ಅವಳಿಗೆ ಗೊತ್ತಿತ್ತು.

ಇದೆಲ್ಲ ಅವಳು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅಷ್ಟಷ್ಟಾಗಿ. ಹೇಳುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ನಾನು ಅವಳು ಆಡಿದ ಮಾತಿನ ಬಗ್ಗೆ ಕೇಳಿದರೆ ಅವಳು ಗಾದಿಯ ಬಗ್ಗೆ ಹೇಳುತ್ತಿದ್ದಳು. ಅದು ಮೆತ್ತಗಿತ್ತಂತೆ. ಕೂತ ಕೂಡಲೇ ಸೊಂಟದ ನೋವು ಇಳಿಯಿತಂತೆ. ಹಾಯೆನ್ನಿಸಿತಂತೆ. ಅವಳಿಗೆ ಅದೇ ನಾಚಿಕೆ.

ಬಂದವರು ಜೀಪಿನಿಂದ ಇಳಿದರು. ಕರಿಯ ಅಧಿಕಾರಿ ಎತ್ತರದ ಆಳು, ಕನ್ನಡಕ ಹಾಕಿದ್ದ. ಬೂಟು ಬಿಚ್ಚಿ ಒಳಗೆ ಬಂದು ಎಲ್ಲರಿಗೂ ಬಾಗಿ ನಮಸ್ಕರಿಸಿದ. ಅವ್ವನಿಗೂ ಬಾಗಿದ. ಹಾಗೆ ಅವಳಿಗೆ ಯಾರೂ ಬಾಗಿರಲಿಲ್ಲ. ಅವಳು ಎಲ್ಲಿ ನೋಡಬೇಕೋ ತಿಳಿಯದೆ ಕಂಬಳಿಯ ಅಂಚು ನೋಡಿದಳು. ಲಾಲ್ಲಾ ತೆಸ್ಲೆಮ್ ಕೆಂಪು ಮುಖ ಮಾಡಿಕೊಂಡು ಚಹಾ ಸುರಿದಳು. ಹಾಲು ಬಂತು. ಕುರಿಯ ಮಾಂಸ ಬಂತು. ಸೀದಿ ನಾಡಿನ ಬಗ್ಗೆ ಮಾತಾಡಿದ. ಕುಲದ ಮಾನದ ಬಗ್ಗೆ ಮಾತಾಡಿದ. ಹಮ್ಮಾದಿ ಸ್ಪೇನಿನ ಭಾಷೆಯಲ್ಲಿ ಹೇಳಿದ. ಕರಿಯನಿಗೆ ಆ ಭಾಷೆ ಬರುತ್ತಿತ್ತು, ನಮ್ಮದು ಬರುತ್ತಿರಲಿಲ್ಲ. ಕ್ಯಾಪ್ಟನ್ ಬಾಗಿಲ ಹತ್ತಿರ ಸಿಗರೇಟು ಸೇದುತ್ತಾ ಕೂತಿದ್ದ.

ಊಟ ಮುಗಿಯಿತು. ಸೀದಿ ಎಂದಿನ ಹಾಗೆ ಜಿಡ್ಡಿನ ಕೈಯನ್ನು ಮುಂದಕ್ಕೆ ಚಾಚಿದ, ಯಾರ ಕಡೆಯೂ ನೋಡದೆ.

ಅವ್ವ ಎದ್ದಳು. ಏಳಬೇಕೆಂದು ಎದ್ದದ್ದಲ್ಲ. ಮೈ ತಾನಾಗಿ ಎದ್ದಿತು. ಬೋಗುಣಿ, ಹೂಜಿ ಎರಡೂ ಕೈಗೆ ಬಂದುಬಿಟ್ಟಿದ್ದವು. ಮಂಡಿಯೂರಿ ಸೀದಿಯ ಕೈಗೆ ನೀರು ಹಾಕುತ್ತಿದ್ದಾಗಲೇ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಾದದ್ದು. ಲಾಲ್ಲಾಳ ಕಣ್ಣು ಅವಳ ಬೆನ್ನು ಸುಟ್ಟಿತು.

ಸೀದಿ ನಕ್ಕ. ನನ್ನ ತಂಗಿಗೆ ಅತಿಥಿಗಳು ಬಂದರೆ ಕಾಲು ನಿಲ್ಲುವುದಿಲ್ಲ ಅಂದ. ಹಮ್ಮಾದಿ ಅದನ್ನು ಬೇಗ ಬೇಗ ಹೇಳಿದ.

ಕರಿಯ ಅಧಿಕಾರಿ ಅವಳ ಕೈಯಿಂದ ಹೂಜಿ ಇಸಕೊಂಡ. ನೀವು ನನಗಿಂತ ಹಿರಿಯರು, ನಾನು ಹಾಕುತ್ತೇನೆ ಅಂತ ಹೇಳಿ ಅವಳ ಕೈ ಮೇಲೆ ನೀರು ಸುರಿದ. ಮಲಹ್ಫದ ಸೆರಗು ಜಾರಿತು. ಬಿರುಕುಬಿಟ್ಟ ಅಂಗೈ, ಸುಲಿದ ಗೆಣ್ಣು, ಕಪ್ಪುಗಟ್ಟಿದ ಉಗುರು ಎಲ್ಲ ಅವನ ಕಣ್ಣೆದುರು ಬಿಚ್ಚಿಕೊಂಡವು. ಅವನು ಲಾಲ್ಲಾಳ ಕೈ ನೋಡಿದ. ಮತ್ತೆ ಅವ್ವನ ಕೈ ನೋಡಿದ. ಅವ್ವನಿಗೆ ಬತ್ತಲೆ ನಿಂತ ಹಾಗಾಯಿತು.

ಅವನು ಮೆತ್ತಗೆ ಏನೋ ಕೇಳಿದ. ನಿಮಗೆ ಮಕ್ಕಳಿದ್ದಾರೆಯೇ ಅಂತ ಕೇಳುತ್ತಿದ್ದಾರೆ ಅಂದ ಹಮ್ಮಾದಿ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವ ಬಾಯಿ ತೆರೆಯುವಷ್ಟರಲ್ಲಿ ಸೀದಿ ಉತ್ತರ ಕೊಟ್ಟ.

"ಇಲ್ಲ. ನನ್ನ ತಂಗಿಗೆ ಮಕ್ಕಳಾಗಲಿಲ್ಲ."

ತಂಗಿ ಅಂದದ್ದನ್ನು ಅವ್ವ ನುಂಗಿದ್ದಳು. ಮೂಸಿ ನೋಡಿದ್ದನ್ನು ನುಂಗಿದ್ದಳು. ಇದು ಗಂಟಲಲ್ಲಿ ನಿಂತಿತು. ನಾನು ಹೊಳೆಯ ಆಚೆ ದಂಡೆಯಲ್ಲಿ ಬಾರ್ಲಿ ಕುಟ್ಟುತ್ತಿದ್ದೆ. ಅಷ್ಟು ಹತ್ತಿರದಲ್ಲಿ.

"ಐದಾಳೆ," ಅಂದಳು. "ನಂಗೆ ಮಗಳು ಐದಾಳೆ. ಇವರ ಮಗಳ ಮದುವೇಲಿ ಒಂಟೆ ಜೊತೇಲಿ ಕೊಟ್ಬಿಟ್ರು. ನಾನು ತಂಗಿ ಅಲ್ಲ. ಹಮ್ಮಾದಿ, ಹೇಳು ಅವರಿಗೆ."

ಹಮ್ಮಾದಿ ಹೇಳಿದ. ಉದ್ದವಾಗಿಯೇ ಹೇಳಿದ. ಬಿಳಿಯ ಹೆಂಗಸು ನಕ್ಕು ತಲೆದೂಗಿದಳು. ಆ ನಗು ನೋಡಿ ಅವ್ವನಿಗೆ ತಿಳಿಯಿತು. ತಾನು ಹೇಳಿದ್ದನ್ನು ಅವನು ಹೇಳಿರಲಿಲ್ಲ. ಅವನ ಮುಖ ನೋಡಿದಳು. ಅವನು ನೋಟ ತಪ್ಪಿಸಿದ.

ಅವಳಿಗೆ ಸ್ಪೇನಿನ ಭಾಷೆಯ ನಾಲ್ಕು ಮಾತು ಬರುತ್ತಿದ್ದವು. ನೀರು. ಸೋಪು. ಬೇಗ. ನಾಲ್ಕನೆಯದು ಸಿಪಾಯಿಗಳು ಬಟ್ಟೆಯ ಗಂಟನ್ನು ಅವಳ ಮೇಲೆ ಎಸೆದು ಕೂಗುತ್ತಿದ್ದ ಮಾತು. ಅದು ಕಿವಿಗೆ ಬಿದ್ದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ತನ್ನ ಬಾಯಲ್ಲಿ ಅದನ್ನು ಯಾವತ್ತೂ ಆಡಿರಲಿಲ್ಲ.

ಅವಳು ತನ್ನ ಎದೆಯ ಮೇಲೆ ಒದ್ದೆ ಕೈಯಿಟ್ಟುಕೊಂಡಳು. "ಎಸ್ಕ್ಲಾವಾ," ಅಂದಳು.

ತೊತ್ತು. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಬಿಳಿಯ ಹೆಂಗಸಿನ ನಗು ಹಾಗೇ ನಿಂತಿತು. ಕ್ಯಾಪ್ಟನ್ ಎದ್ದು ಗಡಿಯಾರ ನೋಡಿಕೊಂಡ. ಕರಿಯ ಅಧಿಕಾರಿ ಹೂಜಿ ಹಿಡಿದುಕೊಂಡೇ ಇದ್ದ. ಆಮೇಲೆ ತಗ್ಗಿದ ದನಿಯಲ್ಲಿ ಮಾತಾಡಿದ. ಈ ಸಲ ಹಮ್ಮಾದಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅವರಿಗೆ ಬೇಜಾರಾಗಿದೆಯಂತೆ. ಆದರೆ ಇದು ಅವರ ಕೆಲಸದೊಳಗೆ ಬರಲ್ಲವಂತೆ. ನಾಡು ಯಾರದಾಗಬೇಕು ಅಂತ ಕೇಳೋಕಷ್ಟೇ ಅವರನ್ನ ಕಳಿಸಿರೋದಂತೆ."

"ನಾನು ಯಾರವಳಾಗಬೇಕು ಅಂತ ಕೇಳೋರು ಯಾವಾಗ ಬತ್ತಾರೆ?" ಅಂದಳು ಅವ್ವ.

ಅದನ್ನು ಹಮ್ಮಾದಿ ಯಾವ ಭಾಷೆಗೂ ತಿರುಗಿಸಲಿಲ್ಲ. ಬಂದವರು ಬೂಟು ಹಾಕಿಕೊಂಡು ಹೊರಟರು. ಹೋಗುವಾಗ ಆ ಕರಿಯ ಅಧಿಕಾರಿ ಎಲ್ಲರಿಗೂ ಬಾಗಿದ. ಅವ್ವನ ಎದುರು ಬಂದಾಗ ಬಾಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ ಅವನಿಗೆ. ತಲೆ ತಗ್ಗಿಸಿ ದಾಟಿಹೋದ.

ಜೀಪಿನ ಧೂಳು ಇಳಿಯುವುದಕ್ಕೆ ಮುಂಚೆ ಲಾಲ್ಲಾ ತೆಸ್ಲೆಮ್ ಅವ್ವನ ಮೈಮೇಲಿನ ಮಲಹ್ಫವನ್ನು ಕಿತ್ತಳು. ಗುಡಾರದ ಹೊರಗೆ, ಗಂಡಸರ ಎದುರು. ಒಳಗೆ ಹರಕು ಲಂಗ, ತೋಳಿಲ್ಲದ ಕುಪ್ಪಸ. ಅವ್ವ ಎರಡೂ ಕೈಯಿಂದ ಎದೆ ಮುಚ್ಚಿಕೊಂಡಳು. ಸೀದಿ ಹೊಡೆಯಲಿಲ್ಲ. ಅವಳ ಕಾಲ ಹತ್ತಿರ ಉಗಿದ.

"ಲೋಕದ ಮುಂದೆ ಕುಲದ ಮಾನ ಕಳೆದೆಯಲ್ಲೇ. ನಿನ್ನ ಮಗಳನ್ನ ಇನ್ನು ಮರೆತುಬಿಡು."

ಹಮ್ಮಾದಿ ಅಲ್ಲೇ ನಿಂತಿದ್ದ. ಅವನು ತನ್ನ ಮೇಲುವಸ್ತ್ರ ತೆಗೆದು ಅವಳ ಮೇಲೆ ಹಾಕುತ್ತಾನೆ ಅಂದುಕೊಂಡಿದ್ದಳಂತೆ. ಅವನು ಹಾಕಲಿಲ್ಲ.

ಮಾರನೇ ಬೆಳಗ್ಗೆ ನೀರು ತರಲು ಕೂಗಿದರು. ಅವ್ವ ಏಳಲಿಲ್ಲ. ಲಾಲ್ಲಾ ಬಂದು ಒದ್ದಳು. ಏಳಲಿಲ್ಲ. ಸೀದಿ ಬಂದು ಒಂಟೆಯ ಹಗ್ಗದಿಂದ ಹೊಡೆದ. ಹೊಡೆತಕ್ಕೆ ಮೈ ಕುಣಿಯಿತೇ ಹೊರತು ಏಳಲಿಲ್ಲ. ಹಿಂದಿನ ದಿನ ತಾನಾಗಿ ಎದ್ದ ಮೈಯನ್ನು ಅವಳು ನೆಲಕ್ಕೆ ಒತ್ತಿ ಹಿಡಿದಿದ್ದಳು. ಹೊಡೆದು ಹೊಡೆದು ಅವನ ತೋಳು ಸೋತಿತು. ಅವನು ಹೋದ ಮೇಲೆ ಎದ್ದಳು. ಖಾಲಿ ಚೀಲವೊಂದನ್ನು ಹೆಗಲ ಮೇಲೆ ಹೊದ್ದು ಹೊಳೆ ದಾಟಿದಳು.

ನಾನು ಒರಳ ಮುಂದಿದ್ದೆ. ಅವಳು ಬರುವ ಮುಂಚೆಯೇ ಸುದ್ದಿ ಬಂದಿತ್ತು. "ಓ, ಸೀದಿಯ ತಂಗಿ ಬಂದಳು, ಗಾದಿ ಹಾಸಿ," ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ಹರಕು ಲಂಗ, ಬಾಸುಂಡೆ ಎದ್ದ ತೋಳು, ಚೀಲ ಹೊದ್ದ ಅವ್ವ. ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು.

"ಒನಕೆ ಬಿಡು. ನಡಿ," ಅಂದಳು.

ಗಾಲಿಯಾ ನನ್ನ ತೋಳು ಹಿಡಿದಳು. ಅವಳ ಗಂಡ ದಾರಿಗೆ ಅಡ್ಡ ಬಂದ. ಮುದುಕಿ, ತಲೆ ಕೆಟ್ಟಿದೆಯಾ ಅಂದ. ಅವ್ವ ಅವನ ಮುಖವನ್ನೇ ನೋಡಿದಳು. ಒಡೆಯರ ಮುಖವನ್ನು ಹಾಗೆ ನೋಡುವುದನ್ನು ನಾನು ಕಂಡಿರಲಿಲ್ಲ.

"ಆ ಜನ ಇನ್ನೂ ಪೇಟೇಲಿ ಐದಾರೆ. ಗವರ್ನರ್ ಬಂಗ್ಲೆ ಮುಂದೆ ಹೋಗಿ ಕೂತ್ಕಂತೀನಿ. ನಂಗೆ ಆ ಮಾತು ಒಂದೇ ಬರೋದು. ದಿನಾ ಅದನ್ನೇ ಕೂಗ್ತೀನಿ. ನಿನ್ನೆಸ್ರೂ ಸೇರ್ಸಿ ಕೂಗ್ತೀನಿ."

ಅವನು ಹೆದರಿದ್ದು ಅವಳಿಗಲ್ಲ. ಉತ್ತರದ ರಾಜನ ಕಡೆಯವರಿಗೆ ಅವನು ಮರ್ಯಾದಸ್ಥನಾಗಿ ಕಾಣಬೇಕಾಗಿತ್ತು. ಬಂದವರು ಹೋಗುವ ತನಕ ಬಿಡು, ಆಮೇಲೆ ಎಳೆದುಕೊಂಡು ಬರೋಣ ಅಂತ ಗಾಲಿಯಾಳಿಗೆ ಪಿಸುಗುಟ್ಟಿದ. ಗಾಲಿಯಾಳ ಕೈ ಸಡಿಲಾಯಿತು. ನಾನು ಒನಕೆಯನ್ನು ಒರಳಲ್ಲೇ ಬಿಟ್ಟೆ. ಬಾರ್ಲಿ ಅರ್ಧ ನುಗ್ಗಾಗಿತ್ತು.

ನಾವು ಬ್ಯಾರಕ್ಕಿನ ಹಿಂದೆ ಅಗಸಗಿತ್ತಿಯರ ತಗಡಿನ ಗುಡಿಸಲುಗಳಲ್ಲಿ ಇದ್ದುಬಿಟ್ಟೆವು. ಇಬ್ಬರೂ ಒಗೆದೆವು. ಕೂಲಿ ನಮ್ಮ ಕೈಗೇ ಬಂತು. ಬ್ಯಾರಕ್ಕಿನ ಮುಂದೆ ಗಲಾಟೆಯಾಗುತ್ತದೆ ಅಂತ ಸೀದಿ ನಮ್ಮ ತಂಟೆಗೆ ಬರಲಿಲ್ಲ. ಗಾಲಿಯಾಳ ಗಂಡನೂ ನಮ್ಮನ್ನು ಎಳೆಯಲು ಬರಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಹೆಂಡತಿಯನ್ನು ಕರೆದುಕೊಂಡು ಗಡಿ ದಾಟಿದ.

ಚಳಿಗಾಲದ ಹೊತ್ತಿಗೆ ಮ್ಯಾಡ್ರಿಡ್‌ನಲ್ಲಿ ಮಾತುಕತೆ ಮುಗಿಯಿತು. ಸ್ಪೇನಿನವರು ನಮ್ಮ ನಾಡನ್ನು ಉತ್ತರದವನಿಗೆ ಒಂದಿಷ್ಟು, ದಕ್ಷಿಣದವನಿಗೆ ಒಂದಿಷ್ಟು ಹಂಚಿಕೊಟ್ಟು ಹಡಗು ಹತ್ತಿದರು. ವಿಶ್ವಸಂಸ್ಥೆಯವರು ಬಂದು ಕೇಳಿಕೊಂಡು ಹೋದದ್ದು ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಹಿರಿಯರ ಸಭೆಗೂ ಯಾರೂ ಹೇಳಿ ಕಳಿಸಲಿಲ್ಲ. ಸೈನ್ಯ ಬಂತು. ಬಾಂಬು ಬಿತ್ತು. ಊರಿಗೆ ಊರೇ ಮೂಡಲಕ್ಕೆ ಓಡಿತು.

ಓಡುವ ದಾರಿಯಲ್ಲಿ ಸೀದಿ ಲಾರ್ಬಾಸ್ ಸಿಕ್ಕಿದ. ಒಂದು ಜಾಲಿ ಮರದ ಕೆಳಗೆ, ನಡುಮಧ್ಯಾಹ್ನ. ನೆತ್ತಿಯ ಮೇಲೆ ಬಿಸಿಲು, ಮೈಗೆ ಕೊರೆಯುವ ಗಾಳಿ. ಒಂಟೆಗಳಿರಲಿಲ್ಲ. ಹಮ್ಮಾದಿ ಬಂದೂಕಿನವರ ಜೊತೆ ಹೋಗಿದ್ದ. ಲಾಲ್ಲಾ ತೆಸ್ಲೆಮ್ ಇನ್ನು ನಡೆಯಲಾರದೆ ಕಂಬಳಿ ಹೊದ್ದು ನಡುಗುತ್ತಿದ್ದಳು. ಸೀದಿ ಕಡ್ಡಿ ಗೀರಿ ಗೀರಿ ಬೆಂಕಿ ಹೊತ್ತಿಸಲಾಗದೆ ಕೂತಿದ್ದ. ಅವನು ಹುಟ್ಟಿದಾಗಿನಿಂದ ಒಂದು ಒಲೆ ಹೊತ್ತಿಸಿದವನಲ್ಲ. ಅವ್ವ ಹೋಗಿ ಕಡ್ಡಿಪೆಟ್ಟಿಗೆ ಇಸಕೊಂಡು ಗಾಳಿಗೆ ಬೆನ್ನುಕೊಟ್ಟು ಕೂತಳು. ಮುಳ್ಳುಕಡ್ಡಿ ಹತ್ತಿಕೊಂಡಿತು. ಅವಳು ಅದನ್ನು ಹೊತ್ತಿಸಿದ್ದು ಲಾಲ್ಲಾಳ ಚಳಿಗೆ, ಸೀದಿಗಲ್ಲ.

ಸೀದಿಯ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಅಂದುಕೊಂಡೆ. ಅಲ್ಲ.

"ನೋಡಿದೆಯಾ ಎಂಬೈರಿಕಾ," ಅಂದ. "ಒಂದು ಮಾತು ಕೇಳಲಿಲ್ಲ ನಮ್ಮನ್ನ. ಅವರ ಮೇಜಿನಲ್ಲಿ ಕೂತು ಉಂಡವನು ನಾನು. ಸಾಮಾನು ಕೊಟ್ಟಹಾಗೆ ಕೊಟ್ಟುಬಿಟ್ಟರು."

ಅವ್ವ ಬೆಂಕಿ ಸರಿಮಾಡುತ್ತಿದ್ದಳು. ತಲೆಯೆತ್ತಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಇವಳನ್ನ ಕೊಟ್ಟಾಗ ನನ್ನ ಕೇಳಿದ್ರಾ?"

ಅವಳು ಸೀದಿ ಅನ್ನಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ತಿಳಿದುಕೊಳ್ಳಬೇಕು ಅನ್ನುವಂತೆ ಕೇಳಿದಳು. ಲಾರ್ಬಾಸ್ ರುಮಾಲಿನ ತುದಿ ಎಳೆದು ಮುಖ ಮುಚ್ಚಿಕೊಂಡ. ಆಮೇಲೆ ಬಟ್ಟೆಯೊಳಗಿಂದ ಅವನ ಮಾತು ಬಂತು.

"ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ."

ಅವ್ವ ಕೈಯ ಬೂದಿ ಲಂಗಕ್ಕೆ ಒರೆಸಿಕೊಂಡು ಗಂಟನ್ನು ತಲೆಯ ಮೇಲಿಟ್ಟಳು. ನಾನು ನೀರಿನ ಡಬ್ಬ ಎತ್ತಿಕೊಂಡೆ. ಸ್ವಲ್ಪ ದೂರ ನಡೆದ ಮೇಲೆ ತಿರುಗಿ ನೋಡಿದೆ. ಅವನು ಹೆಂಡತಿಯನ್ನು ಬೆನ್ನ ಮೇಲೆ ಹೊತ್ತುಕೊಂಡು, ನಮ್ಮ ಹೆಜ್ಜೆ ಹಿಡಿದು, ಹಿಂದೆ ಬರುತ್ತಿದ್ದ.